ಉಕ್ಕಿನ ದೊರೆಯ ಕಥೆಯಲ್ಲಿ ಹಳಿಯ ಪಾಲು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆಂಡ್ರ್ಯೂ ಕಾರ್ನೆಗಿ ಅವರನ್ನು ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸ್ಕಾಟ್ಲೆಂಡಿನ ಬಡ ನೇಕಾರನ ಮಗ ಅಮೆರಿಕದ ಉಕ್ಕಿನ ದೊರೆಯಾದ ಬಗೆಯನ್ನು ಲೇಖಕರು ಸೊಗಸಾಗಿ ಹೇಳಿದ್ದಾರೆ. ಆದರೆ ಅಷ್ಟು ದೊಡ್ಡ ಲೇಖನದಲ್ಲಿ ರೈಲ್ವೆಗೆ ಸಿಕ್ಕಿರುವುದು ಎರಡೇ ಸಾಲು. ಹುಡುಗನಾಗಿದ್ದಾಗ ಕಾರ್ನೆಗಿ ಅಲ್ಲಿ ನೌಕರಿ ಮಾಡಿದರು, ಮುಂದೆ ಅವರ ಉಕ್ಕನ್ನು ರೈಲ್ವೆಯವರು ಕೊಂಡರು, ಅಷ್ಟೇ. ಜೊತೆಗೆ 1869ರಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದ ಪ್ರೊಮೊಂಟರಿಯಲ್ಲಿ ಪೂರ್ವ, ಪಶ್ಚಿಮದ ಹಳಿಗಳು ಕೂಡಿದ ಪ್ರಸಿದ್ಧ ಚಿತ್ರವನ್ನು ಹಾಕಿ, ಕೆಳಗೆ ‘ಉಕ್ಕಿನ ಹಳಿ ಅಮೆರಿಕವನ್ನು ಒಂದು ಮಾಡಿದ ಕ್ಷಣ’ ಎಂದು ಬರೆಯಲಾಗಿದೆ. ರೈಲ್ವೆಯಲ್ಲಿ ಹಳಿ ನಿರೀಕ್ಷಕನಾಗಿ ದುಡಿದು ನಿವೃತ್ತನಾದ ನನಗೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಪತ್ರ ಉದ್ದವಾಗಿದೆ. ಕತ್ತರಿಸಬೇಕಾದರೆ ಅಂಕಿಗಳನ್ನು ಕತ್ತರಿಸಿ, ಮನುಷ್ಯರ ಹೆಸರುಗಳನ್ನು ಉಳಿಸಿಕೊಳ್ಳಿ ಎಂಬುದು ನನ್ನ ಕೋರಿಕೆ.

ಮೊದಲಿಗೆ ಆ ಚಿತ್ರದ ಮಾತು. 1869ರ ಮೇ 10ರಂದು ಕೂಡಿದ್ದು ಕಬ್ಬಿಣದ ಹಳಿಗಳು, ಉಕ್ಕಿನವಲ್ಲ. ಅವುಗಳ ತೂಕ ಗಜಕ್ಕೆ ಸುಮಾರು 56 ಪೌಂಡ್. ನಮ್ಮ ಇಂದಿನ ಲೆಕ್ಕದಲ್ಲಿ ಮೀಟರಿಗೆ 28 ಕಿಲೋ. ಈಗ ನಮ್ಮ ಮುಖ್ಯ ಮಾರ್ಗಗಳಲ್ಲಿ ಹಾಕುವುದು 60 ಕಿಲೋ ಹಳಿ. ಕ್ಯಾಲಿಫೋರ್ನಿಯಾದ ಕಡೆಯಿಂದ ಮಾರ್ಗ ಹಾಕುತ್ತಾ ಬಂದ ಸಾವಿರಾರು ಚೀನೀ ಕಾರ್ಮಿಕರು ಹೊತ್ತ ಹಳಿಗಳು ಪೂರ್ವ ತೀರದ ಕಾರ್ಖಾನೆಗಳಿಂದ ಹಡಗು ಹತ್ತಿ, ದಕ್ಷಿಣ ಅಮೆರಿಕದ ತುದಿಯನ್ನು ಬಳಸಿಕೊಂಡು ಬಂದಿದ್ದವು. ಹಾಕುವ ಕಬ್ಬಿಣವೆಲ್ಲ ಅಮೆರಿಕದಲ್ಲಿಯೇ ತಯಾರಾಗಿರಬೇಕು ಎಂದು ಈ ಮಾರ್ಗಕ್ಕಾಗಿ ಮಾಡಿದ 1862ರ ಕಾನೂನೇ ವಿಧಿಸಿತ್ತು.

ಕಬ್ಬಿಣವಾದರೇನು, ಉಕ್ಕಾದರೇನು ಎಂದು ಓದುಗರು ಕೇಳಬಹುದು. ಇಡೀ ಕಥೆ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ಆ ಕಾಲದ ಹಳಿ ಮೆದುಕಬ್ಬಿಣದ್ದು. ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಾಗಿ ಜೋಡಿಸಿ, ಕೆಂಪಗೆ ಕಾಯಿಸಿ, ಉರುಳೆಗಳ ನಡುವೆ ಒತ್ತಿ ಎಳೆಯುತ್ತಿದ್ದರು. ಪಟ್ಟಿಗಳು ಬೆಸೆದುಕೊಂಡು ಹಳಿಯ ಆಕಾರ ಬರುತ್ತಿತ್ತು. ಆದರೆ ಆ ಬೆಸುಗೆ ಎಲ್ಲ ಕಡೆಯೂ ಒಂದೇ ಸಮನಾಗಿ ಕೂಡುತ್ತಿರಲಿಲ್ಲ. ಎಂಜಿನ್ನಿನ ಚಕ್ರ ದಿನವೂ ಬಡಿದಾಗ ಹಳಿಯ ನೆತ್ತಿ ಪದರ ಪದರವಾಗಿ ಏಳುತ್ತಿತ್ತು, ಅಂಚು ಹಿಸಿಯುತ್ತಿತ್ತು. ಇಂಗ್ಲೆಂಡಿನ ಡರ್ಬಿ ನಿಲ್ದಾಣದಲ್ಲಿ ಗಾಡಿಗಳ ಓಡಾಟ ಹೆಚ್ಚಿದ್ದ ಒಂದು ಜಾಗದಲ್ಲಿ ಆರು ತಿಂಗಳಿಗೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ ಹಳಿ ಬದಲಿಸಬೇಕಾಗುತ್ತಿತ್ತು. 1857ರಲ್ಲಿ ಅಲ್ಲಿಗೆ ರಾಬರ್ಟ್ ಮಷೆಟ್ ಎಂಬ ಲೋಹ ತಜ್ಞರ ಉಕ್ಕಿನ ಹಳಿಯೊಂದನ್ನು ಹಾಕಿದರು. ಅದು ಹದಿನಾರು ವರ್ಷ ಬಾಳಿತು. ಹಳಿ ಬದಲಿಸುವ ಕೆಲಸ ಎಷ್ಟು ಕಷ್ಟದ್ದೆಂದು ಬಲ್ಲ ಯಾರೇ ಆದರೂ ಈ ಒಂದು ಸುದ್ದಿ ಕೇಳಿದರೆ ಸಾಕು, ಅಟ್ಲಾಂಟಿಕ್ ಸಾಗರದ ಆಚೆಯ ರೈಲ್ವೆ ಅಧಿಕಾರಿಗಳಿಗೆ ಏಕೆ ನಿದ್ದೆ ಬರಲಿಲ್ಲ ಎಂಬುದು ಅರ್ಥವಾಗುತ್ತದೆ.

ಅಮೆರಿಕಕ್ಕೆ ಆಗ ಒಳ್ಳೆಯ ಹಳಿ ಮಾಡುವುದು ದೊಡ್ಡ ತಲೆನೋವಾಗಿತ್ತು. ಅಲ್ಲಿನ ಮೊದಲ ಮಾರ್ಗಗಳಲ್ಲಿ ಮರದ ತೊಲೆಗೆ ತೆಳುವಾದ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದರು. ಮೊಳೆ ಸಡಿಲವಾದರೆ ಪಟ್ಟಿಯ ತುದಿ ಸುರುಳಿಯಾಗಿ ಎದ್ದು ಬೋಗಿಯ ನೆಲವನ್ನೇ ಸೀಳಿಕೊಂಡು ಮೇಲೆ ಬರುತ್ತಿತ್ತು. ಪ್ರಯಾಣಿಕರು ಗಾಯಗೊಂಡದ್ದೂ ಉಂಟು. ಕ್ಯಾಮ್ಡನ್ ಅಂಡ್ ಆಂಬಾಯ್ ರೈಲ್ವೆಯ ರಾಬರ್ಟ್ ಸ್ಟೀವನ್ಸ್ 1830ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಮರದ ತುಂಡೊಂದನ್ನು ಚಾಕುವಿನಿಂದ ಕೆತ್ತುತ್ತಾ ಹೊಸ ಆಕಾರದ ಹಳಿಯ ಮಾದರಿ ಮಾಡಿದರೆಂದು ಹೇಳುತ್ತಾರೆ: ಅಗಲವಾದ ಪಾದ, ತೆಳುವಾದ ನಡು, ದಪ್ಪ ನೆತ್ತಿ. ಇಂದಿಗೂ ನಾವು ಹಾಕುವ ಹಳಿ ಆ ವಂಶದ್ದೇ. ಆದರೆ ಆ ಮಾದರಿಯನ್ನು ಹಳಿಯಾಗಿ ಎಳೆದುಕೊಟ್ಟದ್ದು ವೇಲ್ಸಿನ ಡೌಲೈಸ್ ಕಾರ್ಖಾನೆ. ಅಮೆರಿಕದಲ್ಲಿ ಅಂಥ ಹಳಿ ಎಳೆಯುವ ಮಿಲ್ ಇರಲಿಲ್ಲ. ಮೇರಿಲ್ಯಾಂಡಿನ ಮೌಂಟ್ ಸ್ಯಾವೇಜ್, ಪೆನ್ಸಿಲ್ವೇನಿಯಾದ ಡ್ಯಾನ್‌ವಿಲ್ ಕಾರ್ಖಾನೆಗಳು ಭಾರಿ ಹಳಿ ತೆಗೆಯಲು 1844, 1845 ಬರಬೇಕಾಯಿತು. ಆಮೇಲೂ ಬಹಳ ವರ್ಷ ಬ್ರಿಟಿಷ್ ಹಳಿಯೇ ಅಗ್ಗವಾಗಿ ಬಂದು ಬೀಳುತ್ತಿತ್ತು.

ಹೀಗಿರುವಾಗ ಉಕ್ಕು ಹೇಗೆ ಬಂತು? ತಮ್ಮ ಲೇಖಕರು ಹೇಳಿದಂತೆ 1872ರಲ್ಲಿ ಕಾರ್ನೆಗಿ ಇಂಗ್ಲೆಂಡಿನಲ್ಲಿ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಉಕ್ಕು ಮಾಡುವ ಬೆಸ್ಸೆಮರ್ ವಿಧಾನವನ್ನು ಕಂಡು ಬೆರಗಾಗಿ ಬಂದದ್ದು ನಿಜ. ಆದರೆ ಆ ಹೊತ್ತಿಗೆ ಅಮೆರಿಕದಲ್ಲಿ ಬೆಸ್ಸೆಮರ್ ಉಕ್ಕು ತಯಾರಾಗಲು ಶುರುವಾಗಿ ಏಳೆಂಟು ವರ್ಷವೇ ಕಳೆದಿತ್ತು. ಮಿಷಿಗನ್ನಿನ ವಾಯಂಡಾಟ್‌ನಲ್ಲಿ 1864ರಲ್ಲಿ ಮೊದಲ ಪ್ರಯೋಗ ನಡೆಯಿತು. ಅಲ್ಲಿನ ಉಕ್ಕಿನಿಂದಲೇ 1865ರ ಮೇ ತಿಂಗಳಲ್ಲಿ ಷಿಕಾಗೋದ ಮಿಲ್ಲೊಂದರಲ್ಲಿ ಮೊದಲ ಉಕ್ಕಿನ ಹಳಿಗಳನ್ನು ಎಳೆದರು. ಅದೇ ವರ್ಷದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದಲ್ಲಿ ಅಲೆಕ್ಸಾಂಡರ್ ಹಾಲಿ ತಮ್ಮ ಮೊದಲ ಕನ್ವರ್ಟರ್, ಅಂದರೆ ಈ ವಿಧಾನದಲ್ಲಿ ಉಕ್ಕು ಮಾಡುವ ಪಾತ್ರೆ, ನಡೆಸಿದರು.

ಹಾಲಿ ಅವರ ಹೆಸರು ಲೇಖನದಲ್ಲಿ ಎಲ್ಲಿಯೂ ಇಲ್ಲ. ನನಗೆ ಅತ್ಯಂತ ನೋವು ತಂದದ್ದು ಇದೇ. ಅವರು ಮೂಲತಃ ರೈಲ್ವೆ ಮತ್ತು ಲೋಕೋಮೋಟಿವ್ ಕ್ಷೇತ್ರದ ಎಂಜಿನಿಯರ್, ಒಳ್ಳೆಯ ಬರಹಗಾರ, ಪತ್ರಿಕೆಗಳಿಗೆ ಬರೆಯುತ್ತಿದ್ದವರು. 1857ರಲ್ಲಿ ಜೆರಾ ಕೋಲ್ಬರ್ನ್ ಎಂಬ ಗೆಳೆಯರೊಂದಿಗೆ ಯುರೋಪಿಗೆ ಹೋಗಿ ಅಲ್ಲಿಯ ಹಳಿ, ಸ್ಲೀಪರ್, ಜಲ್ಲಿಹಾಸು, ಎಂಜಿನ್ ಬಾಯ್ಲರ್ ಇವನ್ನೆಲ್ಲ ಅಭ್ಯಾಸ ಮಾಡಿ ಅಮೆರಿಕದ ರೈಲ್ವೆ ಕಂಪನಿಗಳ ಅಧ್ಯಕ್ಷರಿಗೆ ವರದಿ ಕೊಟ್ಟರು. ಅಂದರೆ ಉಕ್ಕಿಗೆ ಕೈ ಹಾಕುವ ಮೊದಲೇ ಹಳಿಯ ಕಷ್ಟ ಅವರಿಗೆ ಗೊತ್ತಿತ್ತು. 1863ರಲ್ಲಿ ಇಂಗ್ಲೆಂಡಿಗೆ ಹೋಗಿ ಬೆಸ್ಸೆಮರ್ ವಿಧಾನದ ಹಕ್ಕು ಪಡೆಯಲು ಮಾತುಕತೆ ನಡೆಸಿದವರೂ ಅವರೇ. ಕೆಂಟಕಿಯ ವಿಲಿಯಂ ಕೆಲ್ಲಿ ಇಂಥದೇ ವಿಧಾನಕ್ಕೆ ಆಗಲೇ ಅಮೆರಿಕದ ಪೇಟೆಂಟ್ ಪಡೆದಿದ್ದರಿಂದ ಎರಡೂ ಗುಂಪುಗಳು ಕೂಡಿ ನಡೆಯಬೇಕಾಯಿತು. ಅದೊಂದು ದೊಡ್ಡ ವ್ಯಾಜ್ಯದ ಕಥೆ, ಇಲ್ಲಿ ಬೇಡ.

ಬೆಸ್ಸೆಮರ್ ಕನ್ವರ್ಟರಿನಲ್ಲಿ ಏನು ನಡೆಯುತ್ತಿತ್ತೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಗುಡಾಣದ ಆಕಾರದ ದೊಡ್ಡ ಪಾತ್ರೆ, ಒಳಗೆ ಬೆಂಕಿಗೆ ಬಗ್ಗದ ಇಟ್ಟಿಗೆ, ತಳದಲ್ಲಿ ಗಾಳಿ ಬರುವ ರಂಧ್ರಗಳು. ಅದನ್ನು ಓರೆ ಮಾಡಿ ಅದಿರಿನಿಂದ ತೆಗೆದ, ಇಂಗಾಲ ಹೆಚ್ಚಿರುವ ಬೀಡುಕಬ್ಬಿಣವನ್ನು ಕರಗಿದಂತೆಯೇ ಸುರಿಯುತ್ತಾರೆ. ಗಾಳಿ ಬಿಟ್ಟು ನೆಟ್ಟಗೆ ನಿಲ್ಲಿಸುತ್ತಾರೆ. ಮೊದಲು ಸಿಲಿಕಾನ್ ಸುಡುತ್ತದೆ. ಆಗ ಬಾಯಿಂದ ಕೆಂಪು ಕಿಡಿಗಳು ಮಾತ್ರ ಹಾರುತ್ತವೆ. ಆಮೇಲೆ ಇಂಗಾಲಕ್ಕೆ ಬೆಂಕಿ ಹತ್ತುತ್ತದೆ. ಬೆಳ್ಳನೆಯ ಜ್ವಾಲೆ ಭೋರ್ಗರೆಯುತ್ತಾ ಏಳುತ್ತದೆ. ಹೊರಗಿನಿಂದ ಸೌದೆಯಿಲ್ಲ, ಕಲ್ಲಿದ್ದಲಿಲ್ಲ. ಕಬ್ಬಿಣದೊಳಗಿನ ಕಲ್ಮಶವೇ ಉರಿದು ಕಬ್ಬಿಣವನ್ನು ಇನ್ನಷ್ಟು ಕಾಯಿಸುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಜ್ವಾಲೆ ಥಟ್ಟನೆ ಕುಸಿಯುತ್ತದೆ. ಬಣ್ಣದ ಗಾಜಿನ ಮೂಲಕ ನೋಡುತ್ತಾ ನಿಂತ ನುರಿತ ಕೆಲಸಗಾರ ಆ ಕ್ಷಣವನ್ನು ತಪ್ಪಿಸಿಕೊಳ್ಳುವಂತಿಲ್ಲ. ಗಾಳಿ ನಿಲ್ಲಿಸಿ, ಮ್ಯಾಂಗನೀಸ್ ಮತ್ತು ಇಂಗಾಲವಿರುವ ವಿಶೇಷ ಬೀಡನ್ನು ಅಳೆದು ಹಾಕಿದರೆ ಉಕ್ಕು ಸಿದ್ಧ. ಈ ಕೊನೆಯ ಸೇರ್ಪಡೆಯ ಗುಟ್ಟು ಮಷೆಟ್ ಅವರದು. ಮೆದುಕಬ್ಬಿಣ ಮಾಡುವವರು ಇಡೀ ದಿನ ಬೆವರು ಸುರಿಸಿ ಕಲಕಿದರೂ ಸಿಗದಷ್ಟು ಲೋಹ ಇಲ್ಲಿ ಒಂದು ಸಲಕ್ಕೆ ಸಿಗುತ್ತಿತ್ತು.

ಒಂದು ಕೊರತೆಯಿತ್ತು. ಈ ವಿಧಾನ ರಂಜಕವನ್ನು (ಫಾಸ್ಫರಸ್) ತೆಗೆಯಲಾರದು. ರಂಜಕ ಉಳಿದರೆ ಉಕ್ಕು ಚಳಿಯಲ್ಲಿ ಗಾಜಿನ ಹಾಗೆ ಒಡೆಯುತ್ತದೆ. ಆದ್ದರಿಂದ ರಂಜಕ ಕಡಿಮೆ ಇರುವ ಅದಿರೇ ಬೇಕು. ಅದು ಇದ್ದದ್ದು ದೂರದ ಸುಪೀರಿಯರ್ ಸರೋವರದ ದಂಡೆಯಲ್ಲಿ. ಕುಲುಮೆಗೆ ಬೇಕಾದ ಕೋಕ್, ಅಂದರೆ ಸುಟ್ಟು ಹದಮಾಡಿದ ಕಲ್ಲಿದ್ದಲು, ಇದ್ದದ್ದು ಪಿಟ್ಸ್‌ಬರ್ಗ್ ಬಳಿಯ ಕಾನೆಲ್ಸ್‌ವಿಲ್‌ನಲ್ಲಿ. ನಡುವೆ ನೂರಾರು ಮೈಲಿ ನೀರು, ನೆಲ. 1855ರಲ್ಲಿ ಆ ಸರೋವರದಿಂದ ಕೆಳಗಿನ ಸರೋವರಗಳಿಗೆ ಇಳಿಯುವ ಸೂ ಕಾಲುವೆ ತೆರೆದು ಹಡಗುಗಳಿಗೆ ದಾರಿಯಾಯಿತು. ಉಳಿದ ದಾರಿಯಲ್ಲೆಲ್ಲ ರೈಲೇ ಹೊರಬೇಕು. ಒಂದು ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಎರಡು ಟನ್ ಅದಿರು, ಅದರ ಮೇಲೆ ಕೋಕ್, ಸುಣ್ಣಕಲ್ಲು. ಹಳಿ ಕೊಳ್ಳುವವರೂ ರೈಲ್ವೆಯವರು, ಹಳಿ ಮಾಡುವ ಸರಕನ್ನು ಹೊರುವವರೂ ರೈಲ್ವೆಯವರು, ಸಾಗಣೆ ಬಾಡಿಗೆ ನಿಗದಿ ಮಾಡುವವರೂ ಅವರೇ. ಇದನ್ನು ಬಿಟ್ಟು ಅಮೆರಿಕದ ಉಕ್ಕಿನ ಚರಿತ್ರೆ ಬರೆಯುವುದು ಹೇಗೆ?

ಇನ್ನು ಹಣದ ವಿಷಯ. ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷ ಜೆ. ಎಡ್ಗರ್ ಥಾಮ್ಸನ್ ಅಮೆರಿಕದ ಅಂತರ್ಯುದ್ಧದ (1861–65) ದಿನಗಳಲ್ಲಿಯೇ ಇಂಗ್ಲೆಂಡಿನಿಂದ ಉಕ್ಕಿನ ಹಳಿ ತರಿಸಿ ತಮ್ಮ ಮಾರ್ಗದಲ್ಲಿ ಪರೀಕ್ಷೆಗೆ ಹಾಕಿಸಿದರು. ಬಾಳಿಕೆ ಕಂಡು, ದೂರದೇಶದ ಸರಕನ್ನು ನೆಚ್ಚಿ ಕೂರುವುದು ಬೇಡವೆಂದು 1865ರಲ್ಲಿ ಹ್ಯಾರಿಸ್‌ಬರ್ಗ್ ಹತ್ತಿರ ಪೆನ್ಸಿಲ್ವೇನಿಯಾ ಸ್ಟೀಲ್ ಕಂಪನಿ ಹುಟ್ಟಲು ಬೆಂಬಲವಾಗಿ ನಿಂತರು. ಆ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ಸ್ಟೀಲ್ಟನ್ ಎಂದೇ ಹೆಸರಾಯಿತು. ಜಾನ್ಸ್‌ಟೌನಿನ ಕೇಂಬ್ರಿಯಾ ಕಾರ್ಖಾನೆ ಎರಡು ವರ್ಷ ಕಳೆದ ಮೇಲೆ ವ್ಯಾಪಾರದ ಆರ್ಡರಿಗೆ ಉಕ್ಕಿನ ಹಳಿ ಎಳೆಯಿತು. ಕಾರ್ನೆಗಿ ಬಂದದ್ದು ಇದಾದ ಮೇಲೆ. ಅವರು ಹದಿನೇಳರ ವಯಸ್ಸಿನಲ್ಲಿ ಅದೇ ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಥಾಮಸ್ ಸ್ಕಾಟ್ ಅವರ ತಂತಿ ಸಹಾಯಕರಾಗಿ ಸೇರಿ, 1859ರಲ್ಲಿ ಪಿಟ್ಸ್‌ಬರ್ಗ್ ವಿಭಾಗದ ಮುಖ್ಯಸ್ಥರಾಗಿ, 1865ರವರೆಗೂ ಅಲ್ಲಿದ್ದವರು. ಬಿಟ್ಟ ಮೇಲೆ ಅವರು ಕಟ್ಟಿದ ಸೇತುವೆ ಕಂಪನಿಯ ಗಿರಾಕಿಗಳೂ ರೈಲ್ವೆಗಳೇ. ಕಬ್ಬಿಣದ ಹಳಿಯ ನೆತ್ತಿಗೆ ಉಕ್ಕಿನ ಪದರ ಕೂಡಿಸುವ ಒಂದು ಪೇಟೆಂಟನ್ನು ನಂಬಿ ಅವರು ಮೊದಲು ಹಣ ಹಾಕಿದ್ದರು. ಆ ಹಳಿಗಳು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಲೇಖನದಲ್ಲಿ ಇದೂ ಇಲ್ಲ.

1873ರಲ್ಲಿ ಪಿಟ್ಸ್‌ಬರ್ಗ್ ಪಕ್ಕದ ಬ್ರಾಡಕ್‌ನಲ್ಲಿ ಕಾರ್ಖಾನೆಯ ಕೆಲಸ ಆರಂಭವಾಯಿತು. ಹೆಸರೇ ಎಡ್ಗರ್ ಥಾಮ್ಸನ್ ವರ್ಕ್ಸ್. ಯಾರು ಹಳಿ ಕೊಳ್ಳಬೇಕೋ ಆ ಅಧ್ಯಕ್ಷರ ಹೆಸರು! ಥಾಮ್ಸನ್ ಮತ್ತು ಸ್ಕಾಟ್ ಇಬ್ಬರೂ ಮೊದಲ ಷೇರುದಾರರಲ್ಲಿದ್ದರು. ಜಾಗವನ್ನು ಆರಿಸಿದ್ದು ಎಷ್ಟು ಯೋಚಿಸಿ ಎಂದರೆ, ಒಂದು ಕಡೆ ಪೆನ್ಸಿಲ್ವೇನಿಯಾ ರೈಲ್ವೆ, ಇನ್ನೊಂದು ಕಡೆ ಬಾಲ್ಟಿಮೋರ್ ಅಂಡ್ ಓಹಿಯೋ ರೈಲ್ವೆ, ಮಗ್ಗುಲಲ್ಲಿ ಮೊನಾಂಗಹೀಲಾ ನದಿ. ಒಬ್ಬರು ಬಾಡಿಗೆ ಏರಿಸಿದರೆ ಇನ್ನೊಬ್ಬರತ್ತ ಹೋಗಬಹುದು. ನಕ್ಷೆ ಬರೆದವರು ಹಾಲಿ. ಖಾಲಿ ಹಾಳೆಯ ಮೇಲೆ ಮೊದಲು ಒಳಗಿನ ರೈಲು ಮಾರ್ಗಗಳನ್ನು ಎಳೆದು, ಆಮೇಲೆ ಅವಕ್ಕೆ ತಕ್ಕಂತೆ ಕಟ್ಟಡಗಳನ್ನು ಕೂಡಿಸಿದರು. ಅದಿರು ಒಂದು ಕಡೆಯಿಂದ ಬಂದರೆ ಹಳಿ ಇನ್ನೊಂದು ಕಡೆಯಿಂದ ವ್ಯಾಗನ್ ಏರಿ ಹೊರಡಬೇಕು, ನಡುವೆ ಎಲ್ಲಿಯೂ ಸರಕು ಹಿಂದೆ ತಿರುಗಬಾರದು. ಕನ್ವರ್ಟರಿನ ತಳ ಕೆಲವೇ ಸಲಕ್ಕೆ ಸವೆದು ಹೋಗಿ ಕೆಲಸ ನಿಲ್ಲುತ್ತಿದ್ದುದನ್ನು ತಪ್ಪಿಸಲು ಕಳಚಿ ಹಾಕುವ ತಳವನ್ನು ರೂಪಿಸಿದವರೂ ಅವರೇ. ಅಮೆರಿಕದ ಮೊದಲ ಹದಿಮೂರು ಬೆಸ್ಸೆಮರ್ ಕಾರ್ಖಾನೆಗಳಲ್ಲಿ ಹನ್ನೊಂದರ ಮೇಲೆ ಅವರ ಕೈಗುರುತಿದೆ. 1882ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಲೆಕ್ಕಪತ್ರವನ್ನೂ ಕಾರ್ನೆಗಿ ರೈಲ್ವೆಯಿಂದಲೇ ತಂದರು. ಟನ್ನಿಗೆ, ಮೈಲಿಗೆ ಎಷ್ಟು ಖರ್ಚು ಎಂದು ಬರೆದಿಡುವುದು ರೈಲ್ವೆಯವರ ಅಭ್ಯಾಸ. ಆಗಿನ ಕಬ್ಬಿಣದ ಕಾರ್ಖಾನೆಗಳವರು ವರ್ಷಕ್ಕೊಮ್ಮೆ ಲಾಭ ನಷ್ಟ ನೋಡಿದರೆ ಹೆಚ್ಚು. ರೈಲ್ವೆ ಲೆಕ್ಕಪತ್ರದಲ್ಲಿ ಪಳಗಿದ ವಿಲಿಯಂ ಷಿನ್ ಅವರನ್ನು ಬ್ರಾಡಕ್‌ಗೆ ಕರೆತಂದು, ಪ್ರತಿ ವಿಭಾಗಕ್ಕೂ ವೋಚರ್ ಪದ್ಧತಿ ತಂದು, ಒಂದು ಟನ್ ಹಳಿಗೆ ಎಷ್ಟು ಕೋಕ್, ಎಷ್ಟು ಕೂಲಿ, ಎಷ್ಟು ಇಟ್ಟಿಗೆ ಎಂದು ತೂಗಿ ನೋಡಿದರು. ನನ್ನ ದೃಷ್ಟಿಯಲ್ಲಿ ಕಾರ್ನೆಗಿಯವರ ನಿಜವಾದ ಸಾಧನೆ ಇದು. ಅವರು ಉಕ್ಕನ್ನು ಕಂಡುಹಿಡಿಯಲಿಲ್ಲ, ಉಕ್ಕಿನ ಖರ್ಚನ್ನು ಕಂಡುಹಿಡಿದರು.

ಕಟ್ಟಡ ಏಳುತ್ತಿರುವಾಗಲೇ 1873ರ ಸೆಪ್ಟೆಂಬರಿನಲ್ಲಿ ಜೇ ಕುಕ್ ಅವರ ಬ್ಯಾಂಕ್ ಮುಳುಗಿತು. ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಸಾಲಪತ್ರಗಳು ಮಾರಾಟವಾಗದೆ ಅದು ಕುಸಿದದ್ದೇ ತಡ, ದೇಶಕ್ಕೆ ದೇಶವೇ ಹಣದ ಮುಗ್ಗಟ್ಟಿಗೆ ಸಿಕ್ಕಿತು. ರೈಲ್ವೆ ಎದ್ದರೆ ಉಕ್ಕು ಏಳುತ್ತಿತ್ತು, ಬಿದ್ದರೆ ಉಕ್ಕೂ ಬೀಳುತ್ತಿತ್ತು. ಆದರೂ ಬ್ರಾಡಕ್ ಕಾರ್ಖಾನೆ 1875ರ ಸೆಪ್ಟೆಂಬರ್ 1ರಂದು ಮೊದಲ ಹಳಿ ಎಳೆಯಿತು. ಮೊದಲ ಆರ್ಡರ್ ಎರಡು ಸಾವಿರ ಹಳಿ. ಕೊಟ್ಟದ್ದು ಪೆನ್ಸಿಲ್ವೇನಿಯಾ ರೈಲ್ವೆ.

ಬೆಲೆಯನ್ನು ನೋಡಿದರೆ ಬದಲಾವಣೆಯ ವೇಗ ತಿಳಿಯುತ್ತದೆ. 1867ರಲ್ಲಿ ಉಕ್ಕಿನ ಹಳಿ ಟನ್ನಿಗೆ ಸುಮಾರು 166 ಡಾಲರ್. 1875ರಲ್ಲಿ 68ರ ಸುಮಾರು. ಹತ್ತು ವರ್ಷ ಕಳೆದ ಮೇಲೆ 28. 1898ರಲ್ಲಿ 18ಕ್ಕೂ ಕಡಿಮೆ. ಆಮದು ಹಳಿಯ ಮೇಲೆ 1870ರ ಕಾನೂನಿನಂತೆ ಟನ್ನಿಗೆ 28 ಡಾಲರ್ ಸುಂಕವಿತ್ತು, 1883ರಲ್ಲಿ ಅದನ್ನು 17ಕ್ಕೆ ಇಳಿಸಿದರು. ಕಾರ್ಖಾನೆಗಳವರು 1877ರಲ್ಲಿ ಪೇಟೆಂಟುಗಳನ್ನೆಲ್ಲ ಒಂದು ಕಂಪನಿಯಲ್ಲಿ ಕೂಡಿಹಾಕಿ, ಹೊಸಬರಿಗೆ ಬಾಗಿಲು ಮುಚ್ಚಿದರು. ಸುಂಕದ ಬೇಲಿ, ಒಳಗಿನವರ ಒಪ್ಪಂದ ಎರಡೂ ಇದ್ದವು. ಹೆಚ್ಚಿನ ಬೆಲೆಯನ್ನು ಮೊದಲು ರೈಲ್ವೆ ತೆತ್ತಿತು, ಆಮೇಲೆ ಬಾಡಿಗೆಯ ರೂಪದಲ್ಲಿ ಗೋಧಿ ಬೆಳೆದ ರೈತ ತೆತ್ತ. ಸ್ವಂತ ಸಾಮರ್ಥ್ಯದಿಂದ ಮೇಲೆ ಬಂದರು ಎಂದು ಬರೆಯುವಾಗ ಈ ಬೇಲಿಯನ್ನೂ ಒಂದು ಸಾಲಿನಲ್ಲಿ ಬರೆಯಬೇಕು.

ಬೇಡಿಕೆ ಎಷ್ಟಿತ್ತೆಂಬುದನ್ನು ಹಳಿ ನಿರೀಕ್ಷಕನ ಲೆಕ್ಕದಲ್ಲಿ ಹೇಳುತ್ತೇನೆ. ಗಜಕ್ಕೆ 60 ಪೌಂಡ್ ಹಳಿಯಾದರೆ ಒಂದು ಮೈಲಿ ಜೋಡಿ ಹಳಿಗೆ 94 ಟನ್ ಉಕ್ಕು ಬೇಕು. ನಿಲ್ದಾಣದ ಪಕ್ಕದ ಲೂಪ್ ಲೈನ್, ಯಾರ್ಡು, ಹಳಿಗೆ ಹಳಿ ಜೋಡಿಸುವ ಫಿಷ್‌ಪ್ಲೇಟ್, ಮೊಳೆ ಬೇರೆ. 1887ರ ಒಂದೇ ವರ್ಷ ಅಮೆರಿಕದಲ್ಲಿ 13,000 ಮೈಲಿಯ ಹತ್ತಿರ ಹೊಸ ಮಾರ್ಗ ಹಾಕಿದರು. ಕಿಲೋಮೀಟರಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು. ನಮ್ಮ ದೇಶದ ಇಂದಿನ ಒಟ್ಟು ರೈಲು ಮಾರ್ಗ ಸುಮಾರು 69 ಸಾವಿರ ಕಿಲೋಮೀಟರ್ ಎಂಬುದನ್ನು ನೆನೆದರೆ ಅದು ಎಂಥ ಭರಾಟೆ ಎಂಬುದು ಗೊತ್ತಾಗುತ್ತದೆ. 1880ರ ಸುಮಾರಿಗೆ ಅಮೆರಿಕದ ಬೆಸ್ಸೆಮರ್ ಉಕ್ಕಿನ ಬಹುಪಾಲು ಹಳಿಯಾಗಿಯೇ ಹೊರಬರುತ್ತಿತ್ತು. ಆಕಾಶಕ್ಕೆ ಏಳುವ ಕಟ್ಟಡ, ಯುದ್ಧನೌಕೆ ಇವೆಲ್ಲ ಆಮೇಲಿನವು.

ಬ್ರಾಡಕ್‌ನಲ್ಲಿ ಇಷ್ಟು ಹಳಿ ಎಳೆಸಿದವರು ಕ್ಯಾಪ್ಟನ್ ಬಿಲ್ ಜೋನ್ಸ್. ಕೇಂಬ್ರಿಯಾದಲ್ಲಿ ಕೆಲಸ ಕಲಿತು, ತನ್ನ ಹಿಂದೆ ಒಳ್ಳೆಯ ಕೆಲಸಗಾರರನ್ನೂ ಕರೆತಂದವರು. ಕುಲುಮೆಯ ಮುಂದೆ ಹನ್ನೆರಡು ಗಂಟೆ ನಿಂತವನಿಂದ ಒಳ್ಳೆಯ ಕೆಲಸ ಆಗದೆಂದು ವಾದಿಸಿ ಎಂಟು ಗಂಟೆಯ ಪಾಳಿ ತಂದರು. ಹತ್ತಿರ ಹತ್ತು ವರ್ಷ ಅದು ನಡೆಯಿತು. 1888ರಲ್ಲಿ ಆಡಳಿತ ಮತ್ತೆ ಹನ್ನೆರಡು ಗಂಟೆಗೆ ಹೋಯಿತು. ಮರುವರ್ಷ ಅದೇ ಊರಿನಲ್ಲಿ ಕಾರ್ನೆಗಿಯವರ ದಾನದಿಂದ ಅಮೆರಿಕದಲ್ಲಿ ಅವರ ಮೊದಲ ಗ್ರಂಥಾಲಯ ತೆರೆಯಿತು. ತಮ್ಮ ಲೇಖನದಲ್ಲಿ ಗ್ರಂಥಾಲಯಕ್ಕೆ ಒಂದು ಇಡೀ ಅಂಕಣ ಸಿಕ್ಕಿದೆ. ಹನ್ನೆರಡು ಗಂಟೆ ದುಡಿದು ಮನೆಗೆ ಬಂದವನು ಯಾವ ಹೊತ್ತಿನಲ್ಲಿ ಪುಸ್ತಕ ಹಿಡಿಯಬೇಕಿತ್ತು ಎಂಬುದನ್ನು ಲೇಖಕರು ಕೇಳಬೇಕಿತ್ತು ಎಂದು ನನಗೆ ಮನಸ್ಸಿನಿಂದ ಅನ್ನಿಸುತ್ತದೆ. ಅದೇ 1889ರ ಸೆಪ್ಟೆಂಬರಿನಲ್ಲಿ ಊದುಕುಲುಮೆಯೊಂದು ಸಿಡಿದು ಜೋನ್ಸ್ ಸತ್ತರು. ಅವರೊಂದಿಗೆ ಕೆಲಸಗಾರರೂ ಸುಟ್ಟುಕೊಂಡರು. ಮೂರು ವರ್ಷದ ಮೇಲೆ ಕಾರ್ನೆಗಿಯವರ ಹೋಮ್‌ಸ್ಟೆಡ್ ಕಾರ್ಖಾನೆಯ ಮುಷ್ಕರದಲ್ಲಿ ಗುಂಡು ಹಾರಿದ ಸಂಗತಿಯನ್ನು ಲೇಖಕರು ಹೇಳಿರುವುದರಿಂದ ನಾನು ಮತ್ತೆ ಬರೆಯುವುದಿಲ್ಲ.

ಈಗ ನನ್ನ ಮುಖ್ಯ ಮಾತು. ಅಗ್ಗವಾದ ಉಕ್ಕು ಬಂತು, ಬೇಕಾದಷ್ಟು ಬಂತು. ಆದರೆ ಅದು ಒಳ್ಳೆಯ ಉಕ್ಕೇ ಎಂದು ಕೇಳಿದವರು ಯಾರು? ಕಾರ್ಖಾನೆಯವರಲ್ಲ, ರೈಲ್ವೆಯವರು. 1875ರಲ್ಲಿ, ಅಂದರೆ ಬ್ರಾಡಕ್‌ನ ಮೊದಲ ಹಳಿ ಹೊರಬಂದ ವರ್ಷವೇ, ಪೆನ್ಸಿಲ್ವೇನಿಯಾ ರೈಲ್ವೆ ತನ್ನ ಆಲ್ಟೂನಾ ವರ್ಕ್‌ಶಾಪಿಗೆ ಚಾರ್ಲ್ಸ್ ಡಡ್ಲಿ ಎಂಬ ರಸಾಯನ ತಜ್ಞರನ್ನು ನೇಮಿಸಿಕೊಂಡಿತು. ಯುದ್ಧದಲ್ಲಿ ಗಾಯಗೊಂಡು ಬಂದು, ಆಮೇಲೆ ಯೇಲ್‌ನಲ್ಲಿ ಡಾಕ್ಟರೇಟ್ ಪಡೆದವರು. ಮಾರ್ಗದಲ್ಲಿ ಓಡಿ ಹೊರಬಂದ ಹಳಿಗಳನ್ನು, ಚೆನ್ನಾಗಿ ಬಾಳಿದ್ದನ್ನೂ ಬೇಗ ಸವೆದದ್ದನ್ನೂ ಮುರಿದದ್ದನ್ನೂ ತರಿಸಿ, ಕೊರೆದು, ಇಂಗಾಲ ಎಷ್ಟು, ರಂಜಕ ಎಷ್ಟು, ಸಿಲಿಕಾನ್ ಎಷ್ಟು ಎಂದು ಪರೀಕ್ಷಿಸಿದರು. 1878ರಲ್ಲಿ ಗಣಿ ಎಂಜಿನಿಯರುಗಳ ಸಭೆಯ ಮುಂದೆ ಫಲಿತಾಂಶ ಇಟ್ಟು, ಹಳಿಯ ಉಕ್ಕು ಇಂತಿಂಥ ಪ್ರಮಾಣದಲ್ಲಿಯೇ ಇರಬೇಕೆಂದು ಸೂಚಿಸಿದರು. ಕಾರ್ಖಾನೆಯವರು ಸಿಡಿದೆದ್ದರು. ಉಕ್ಕು ಮಾಡುವುದು ಹೇಗೆಂದು ಕೊಳ್ಳುವವನು ಹೇಳಿಕೊಡುವುದೇ ಎಂಬುದು ಅವರ ಸಿಟ್ಟು.

ಮೆದುವಾದ ಉಕ್ಕೇ ಹೆಚ್ಚು ಬಾಳುತ್ತದೆ ಎಂಬ ಡಡ್ಲಿ ಅವರ ತೀರ್ಮಾನ ಮುಂದೆ ನಿಲ್ಲಲಿಲ್ಲ. ಚಕ್ರದ ಭಾರ ಏರಿದಂತೆ ಗಟ್ಟಿ ಉಕ್ಕೇ ಬೇಕಾಯಿತು. ಆದರೆ ಅವರು ಹಾಕಿಕೊಟ್ಟ ದಾರಿ ನಿಂತಿತು: ಮಾರ್ಗದಲ್ಲಿ ಹಳಿ ಹೇಗೆ ನಡೆದುಕೊಂಡಿತು ಎಂಬುದನ್ನು ನೋಡಿ, ಅದರ ಒಳಗನ್ನು ಪರೀಕ್ಷಿಸಿ, ಷರತ್ತು ಬರೆದು, ಆ ಷರತ್ತಿಗೆ ಒಪ್ಪುವ ಸರಕನ್ನೇ ಕೊಳ್ಳುವುದು. ಕೊಳ್ಳುವವರು, ಮಾರುವವರು ಒಂದೇ ಮೇಜಿನ ಸುತ್ತ ಕೂತು ಗುಣಮಟ್ಟ ಬರೆಯುವ ಅಮೆರಿಕದ ಪರೀಕ್ಷಾ ಸಂಘ 1898ರಲ್ಲಿ ಹುಟ್ಟಿತು. ಡಡ್ಲಿ ಅದರ ಅಧ್ಯಕ್ಷರಾಗಿ 1909ರಲ್ಲಿ ಸಾಯುವವರೆಗೂ ದುಡಿದರು. ಆ ಸಂಘದ ಎ.ಎಸ್.ಟಿ.ಎಂ. ಎಂಬ ಹೆಸರನ್ನು ಇಂದು ಸಿಮೆಂಟ್ ಅಂಗಡಿಯವರೂ ಬಲ್ಲರು. ಅದರ ಎ-1 ಎಂಬ ಸಂಖ್ಯೆಯ ಗುಣಮಟ್ಟ ಯಾವುದಕ್ಕೆ ಗೊತ್ತೇ? ರೈಲು ಹಳಿಗೆ. ಕೇಂಬ್ರಿಯಾದಲ್ಲಿ ಮೊದಲ ಪ್ರಯೋಗಾಲಯ ಕಟ್ಟಿ, ಅಲ್ಲಿನ ಮೊದಲ ಉಕ್ಕಿನ ಹಳಿಗಳನ್ನು ಎಳೆಸಿದ ರಾಬರ್ಟ್ ಹಂಟ್ ಕೂಡ ಮುಂದೆ ಕಾರ್ಖಾನೆ ಬಿಟ್ಟು ಷಿಕಾಗೋದಲ್ಲಿ ಪರೀಕ್ಷಣಾ ಸಂಸ್ಥೆ ತೆರೆದು, ಕೊಳ್ಳುವವರ ಪರವಾಗಿ ಹಳಿ ನೋಡಲು ನಿಂತರು. ಅವಸರದಲ್ಲಿ ತೀರ ಬಿಸಿಯಿರುವಾಗಲೇ ಎಳೆದು ಮುಗಿಸಿದ ಹಳಿಯ ಕಣ ಒರಟಾಗುತ್ತದೆ, ಬಾಳುವುದಿಲ್ಲ ಎಂದು ಅವರು ಎಚ್ಚರಿಸಿದರು. ಟನ್ನುಗಳ ಓಟದಲ್ಲಿದ್ದವರಿಗೆ ಅದು ರುಚಿಸುವ ಮಾತಾಗಿರಲಿಲ್ಲ.

1911ರ ಆಗಸ್ಟ್ 25ರಂದು ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬಲ್ಲಿ ಲೀಹೈ ವ್ಯಾಲಿ ರೈಲ್ವೆಯ ಗಾಡಿಯೊಂದರ ಕೆಳಗೆ ಹಳಿ ಮುರಿದು ಬೋಗಿಗಳು ಸೇತುವೆಯಿಂದ ಬಿದ್ದವು. ಹತ್ತಿರ ಮೂವತ್ತು ಜನ ಸತ್ತರು. ಅಂತರ್ಯುದ್ಧದಲ್ಲಿ ಹೋರಾಡಿ ಬದುಕಿ, ರಾಚೆಸ್ಟರ್‌ನ ಸಮ್ಮೇಳನ ಮುಗಿಸಿ ಊರಿಗೆ ಹೊರಟಿದ್ದ ಹಿರಿಯ ಸೈನಿಕರು ಆ ಗಾಡಿಯಲ್ಲಿದ್ದರು. ಚೂರಾದ ಹಳಿಯನ್ನು ಪರೀಕ್ಷಿಸಿದ ಜೇಮ್ಸ್ ಹೋವರ್ಡ್, ಹಳಿಯ ನೆತ್ತಿಯ ಒಳಗೇ ಹುಟ್ಟಿ ಅಡ್ಡಲಾಗಿ ಬೆಳೆದ ಬಿರುಕನ್ನು ಗುರುತಿಸಿದರು. ಹೊರಗೆ ಬಣ್ಣ ಹೊಳೆಯುವ ಬಾಗಿಲ ಚೌಕಟ್ಟನ್ನು ಒಳಗೇ ಗೆದ್ದಲು ತಿಂದಂತೆ, ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ನಾನು ಅಂಥ ಹಳಿಯನ್ನು ಕೈಯಲ್ಲಿ ಮುಟ್ಟಿ ನೋಡಿದ್ದೇನೆ. ಮಾಗಿಯ ಚಳಿಯ ಬೆಳಗ್ಗೆ ದಿನವೂ ಹಳಿ ನೋಡಿಕೊಳ್ಳುವ ನಮ್ಮ ಕೀಮ್ಯಾನ್ ಸುತ್ತಿಗೆ ಹಿಡಿದು ನಡೆಯುತ್ತಿದ್ದಾಗ ಹಳಿಯಲ್ಲಿ ಬೆರಳು ತೂರುವಷ್ಟು ಬಿರುಕು ಕಂಡು, ಕೆಂಪು ಬಾವುಟ ನೆಟ್ಟು, ಬರುವ ಗಾಡಿಯತ್ತ ಓಡಿ ಹಳಿಯ ಮೇಲೆ ಎಚ್ಚರಿಕೆಯ ಪಟಾಕಿಯಾದ ಡಿಟೋನೇಟರ್ ಇಟ್ಟು ನಿಲ್ಲಿಸಿದ. ನಾವು ಹೋಗಿ ಫಿಷ್‌ಪ್ಲೇಟ್, ಕ್ಲ್ಯಾಂಪ್ ಹಾಕಿ ಗಾಡಿ ಬಿಟ್ಟೆವು. ಆಮೇಲೆ ತುಂಡನ್ನು ಕತ್ತರಿಸಿ ತೆಗೆದಾಗ ಮುರಿದ ಮುಖ ಕಾಣಿಸಿತು. ಸುತ್ತಲೂ ಹೊಸದಾಗಿ ಒಡೆದ ಉಕ್ಕು ಕಲ್ಲುಸಕ್ಕರೆಯ ಬಣ್ಣದಲ್ಲಿ ಮಿನುಗುತ್ತಿತ್ತು. ನೆತ್ತಿಯ ಒಳಬದಿಗೆ ಮಾತ್ರ ಮೊಟ್ಟೆಯಾಕಾರದ ನುಣುಪಾದ ಗುರುತು, ಅದರ ನಡುವೆ ಸಾಸಿವೆಯಷ್ಟು ಚುಕ್ಕೆ. ಎಷ್ಟೋ ವರ್ಷದ ಹಿಂದೆ ಹಳಿ ತಣ್ಣಗಾಗುವಾಗ ಹುಟ್ಟಿದ ಚುಕ್ಕೆ ಪ್ರತಿ ಚಕ್ರಕ್ಕೂ ಒಂದಿಷ್ಟು ಬೆಳೆದು ಅಲ್ಲಿಗೆ ಬಂದಿತ್ತು. ಹಳಿಯ ನಡುವಿನಲ್ಲಿ ಉಬ್ಬಕ್ಷರದಲ್ಲಿ ತಯಾರಿಕೆಯ ತಿಂಗಳು, ವರ್ಷ ಇದ್ದವು, ಪಕ್ಕದಲ್ಲಿ ಹೀಟ್ ನಂಬರ್, ಅಂದರೆ ಒಂದೇ ಸಲಕ್ಕೆ ಕರಗಿಸಿದ ಉಕ್ಕಿನ ಸಂಖ್ಯೆ, ಒತ್ತಿತ್ತು. ಅದನ್ನು ಬರೆದು ಕಳುಹಿಸಿದೆವು. ಅದೇ ಹೀಟಿನ ಉಳಿದ ಹಳಿಗಳು ಎಲ್ಲೆಲ್ಲಿವೆ ಎಂದು ಹುಡುಕಿ ಪರೀಕ್ಷಿಸಲು ದಾರಿಯಾಗುವುದು ಆ ಸಂಖ್ಯೆಯಿಂದ. ಇಂಥ ಚುಕ್ಕೆಗೆ ಕಾರಣ ಉಕ್ಕಿನಲ್ಲಿ ಸಿಕ್ಕಿಕೊಂಡ ಜಲಜನಕ (ಹೈಡ್ರೋಜನ್) ಎಂಬುದು ಅಮೆರಿಕ, ಕೆನಡಾ, ಯುರೋಪಿನ ತಜ್ಞರ ದುಡಿಮೆಯಿಂದ 1930ರ ದಶಕದಲ್ಲಿ ಖಚಿತವಾಯಿತು. ಬಿಸಿ ಹಳಿಯನ್ನು ಮುಚ್ಚಿಟ್ಟು ನಿಧಾನವಾಗಿ ಆರಿಸುವ ಪದ್ಧತಿ ಬಂತು. ಹಳಿಯ ಒಳಗನ್ನು ಓಡುತ್ತಲೇ ಪರೀಕ್ಷಿಸುವ ಗಾಡಿಯನ್ನು ಎಲ್ಮರ್ ಸ್ಪೆರಿ 1928ರಲ್ಲಿ ತಂದಿದ್ದರು. ನಮ್ಮ ಹುಡುಗರು ಬಿಸಿಲಿನಲ್ಲಿ ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಅಲ್ಟ್ರಾಸಾನಿಕ್ ಯಂತ್ರದ ಕೆಲಸವೂ ಆ ಚುಕ್ಕೆಯನ್ನು ಹುಡುಕುವುದೇ.

ಕನ್ನಡ ಓದುಗರಿಗೆ ಹತ್ತಿರವಾದ ಒಂದು ಎಳೆಯನ್ನೂ ಲೇಖನ ಬಿಟ್ಟಿದೆ. ಜಮ್‌ಷೇಟ್‌ಜಿ ಟಾಟಾ ಭಾರತದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವ ಯೋಚನೆಯಿಂದ 1902ರಲ್ಲಿ ಅಮೆರಿಕಕ್ಕೆ ಹೋದಾಗ ಪಿಟ್ಸ್‌ಬರ್ಗ್‌ನಲ್ಲಿ ಕಂಡದ್ದು ಜೂಲಿಯನ್ ಕೆನಡಿ ಅವರನ್ನು. ಬ್ರಾಡಕ್‌ನ ಊದುಕುಲುಮೆಗಳನ್ನು ನಡೆಸಿದ್ದ ಎಂಜಿನಿಯರ್ ಅವರು. ಸಲಹೆಗಾರರಾಗಿ ಕೆನಡಿ ಸೂಚಿಸಿದ್ದು ನ್ಯೂಯಾರ್ಕಿನ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಅವರ ಹೆಸರನ್ನು. ಮುಂದೆ ಮೈಸೂರು ಸರ್ಕಾರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಲಹೆ ಪಡೆದದ್ದೂ ಇದೇ ಪೆರಿನ್ ಅವರ ಸಂಸ್ಥೆಯಿಂದ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಬೀರೂರು–ಶಿವಮೊಗ್ಗ ರೈಲು ಮಾರ್ಗ ಇವು ಕೂಡಿದ ಜಾಗದಲ್ಲಿ 1923ರಲ್ಲಿ ಬೀಡುಕಬ್ಬಿಣ ಹರಿಯಿತು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪ್ರೊಮೊಂಟರಿಯ ಚಿತ್ರದ ಕೆಳಗಿನ ಬರಹವನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿ ಪ್ರಕಟಿಸಿ. ಶಾಲೆಯ ಮಕ್ಕಳು ಈ ಪುರವಣಿಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಸರಣಿಯ ಮುಂದಿನ ಕಂತು ರಾಕ್‌ಫೆಲ್ಲರ್ ಕುರಿತು ಎಂದು ಬರೆದಿದ್ದೀರಿ. ಅದಕ್ಕೂ ಮೊದಲು ಹಾಲಿ, ಜೋನ್ಸ್, ಡಡ್ಲಿ ಈ ಮೂವರಲ್ಲಿ ಒಬ್ಬರಿಗಾದರೂ ಅರ್ಧ ಪುಟ ಕೊಡಿ. ಒಬ್ಬರನ್ನೇ ಆರಿಸಬೇಕಾದರೆ ಡಡ್ಲಿ ಅವರನ್ನು ಆರಿಸಿ ಎನ್ನುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ರೈಲ್ವೆ ಹಳಿ ನಿರೀಕ್ಷಕ
ಅರಸೀಕೆರೆ